ರೋಸ್ಯಾಟ್ ನಕ್ಷೆಯ ಟೂಲ್: ನೋಡಲು ಸಪ್ಪೆ, ಕೆಲಸಕ್ಕೆ ಗಟ್ಟಿ

ನಾಸಾದ ಖಗೋಳ ದತ್ತಾಂಶ ಭಂಡಾರವಾದ ಹೀಸಾರ್ಕ್ ತಾಣದಲ್ಲಿರುವ ಎಕ್ಸ್‌ರೇ ಬ್ಯಾಕ್‌ಗ್ರೌಂಡ್ ಟೂಲ್ ನೋಡಲು ಏನೂ ಚೆಂದವಿಲ್ಲ. ಒಂದು ಫಾರ್ಮ್, ಕೆಲವು ಖಾನೆ, ಅಷ್ಟೇ. ಆಕಾಶದ ಯಾವ ಜಾಗ, ಎಷ್ಟು ಅಗಲ ಅಂತ ತುಂಬಿದರೆ ಅಲ್ಲಿಂದ ಬರುವ ಹಿನ್ನೆಲೆ ಎಕ್ಸ್‌ರೇ, ಅಂದರೆ ಆಕಾಶದ ತುಂಬ ಹರಡಿದ ಮಂದ ಹೊಳಪು, ಎಷ್ಟೆಂದು ಬ್ಯಾಂಡ್‌ವಾರು (ಶಕ್ತಿಯ ಪಟ್ಟಿಗಳ ಪ್ರಕಾರ) ಲೆಕ್ಕ ಕೊಡುತ್ತದೆ. ದುಡ್ಡು ಬೇಡ, ಲಾಗಿನ್ ಬೇಡ. ಒಳಗಿರುವ ಸರಕು 1990ರಲ್ಲಿ ಹಾರಿದ ರೋಸ್ಯಾಟ್ ಎಂಬ ಎಕ್ಸ್‌ರೇ ಉಪಗ್ರಹದ್ದು.

ಹೊಸಬರು ಕೇಳಿದರೆ ನಾನು ಮೊದಲು ತೋರಿಸುವುದು ಡ್ರೇಕೋ ಮೋಡವನ್ನು, ಅಂದರೆ ತಾರೆಗಳ ನಡುವಿನ ಒಂದು ತಣ್ಣನೆಯ ಅನಿಲದ ಮೋಡವನ್ನು. ಗ್ಯಾಲಕ್ಟಿಕ್ ರೇಖಾಂಶ ಸುಮಾರು 90, ಅಕ್ಷಾಂಶ ಸುಮಾರು 39 ಡಿಗ್ರಿ. ಮೋಡದ ಮೇಲೊಂದು, ಪಕ್ಕದಲ್ಲೊಂದು ವೃತ್ತ ಹಾಕಿ ಆರ್12 ಸಾಲು ನೋಡಿ. ಅದು ಕಾಲು ಕಿಲೋಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನ ಬ್ಯಾಂಡ್. ಇಷ್ಟು ಮೆದು ಕಿರಣಗಳನ್ನು ತಣ್ಣನೆಯ ಅನಿಲ ಸಲೀಸಾಗಿ ನುಂಗಿಬಿಡುತ್ತದೆ. ಹಾಗಾಗಿ ಮೋಡದ ಮೇಲೆ ಸಂಖ್ಯೆ ಇಳಿಯುತ್ತದೆ. ಆದರೆ ಸೊನ್ನೆಗೆ ಬರುವುದಿಲ್ಲ. ಇಳಿದಷ್ಟು ಮೋಡದ ಆಚೆಯದು, ಉಳಿದದ್ದು ಈಚೆಯದು. ಈ ಬ್ಯಾಂಡಿನ ಬೆಳಕೆಲ್ಲ ಬಹುಪಾಲು ಸೌರವ್ಯೂಹದ ಸುತ್ತಲಿನ ಬಿಸಿ ಅನಿಲದ ಗುಳ್ಳೆಯದೇ ಅಂದುಕೊಂಡಿದ್ದವರಿಗೆ 1991ರಲ್ಲಿ ಪೆಟ್ಟು ಕೊಟ್ಟಿದ್ದು ಇದೇ ನೆರಳು.

ಈ 'ಈಚೆಯದು' ಇದೆಯಲ್ಲ, ತಲೆನೋವು ಅದರಲ್ಲೇ. ಅಷ್ಟೂ ಬಿಸಿ ಅನಿಲದ್ದಲ್ಲ. ಸೌರಮಾರುತದ ಅಯಾನುಗಳು ಸೌರವ್ಯೂಹದೊಳಗಿನ ಹೈಡ್ರೋಜನ್, ಹೀಲಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕಸಿದುಕೊಂಡಾಗಲೂ ಇಂಥದೇ ಎಕ್ಸ್‌ರೇ ಹೊರಡುತ್ತದೆ. 1996ರಲ್ಲಿ ಹ್ಯಾಕುಟಾಕೆ ಧೂಮಕೇತು ಎಕ್ಸ್‌ರೇಯಲ್ಲಿ ಹೊಳೆದಾಗಲೇ ಈ ವಿಷಯ ಗಂಭೀರವಾಗಿ ತಲೆಗೆ ಹತ್ತಿದ್ದು. 2012ರ ಡಿಎಕ್ಸ್‌ಎಲ್ ರಾಕೆಟ್ ಪ್ರಯೋಗದ ಪ್ರಕಾರ ಗ್ಯಾಲಕ್ಸಿಯ ಸಮತಲದ ಕಡೆ ಈ ಬ್ಯಾಂಡಿನಲ್ಲಿ ಸುಮಾರು 40% ಇದರದ್ದೇ. ಮಿಕ್ಕಿದ್ದು ಹತ್ತು ಲಕ್ಷ ಡಿಗ್ರಿ ಆಸುಪಾಸಿನ ಗುಳ್ಳೆಗೆ ಸರಿಹೊಂದುತ್ತದೆ. ಟೂಲ್ ಮಾತ್ರ ಎರಡನ್ನೂ ಬೇರೆ ಮಾಡಿ ಕೊಡುವುದಿಲ್ಲ. ಬಂದ ಸಂಖ್ಯೆಯನ್ನು ಸುಮ್ನೆ ಅನಿಲದ ಲೆಕ್ಕಕ್ಕೆ ಹಾಕಿದರೆ ಗುಳ್ಳೆಯ ಅನಿಲದ ಒತ್ತಡ ನಿಜಕ್ಕಿಂತ ಜಾಸ್ತಿ ಬರುತ್ತದೆ. ನಾನು ಒಂದು ಸ್ಟಾರ್ ಕಳೆದಿದ್ದು ಇದಕ್ಕೇ, ಐದಕ್ಕೆ ನಾಲ್ಕು.

ನಕ್ಷೆಯ ಚೌಕ 12 ಆರ್ಕ್‌ಮಿನಿಟ್. ಹುಣ್ಣಿಮೆ ಚಂದ್ರನ ಅಗಲಕ್ಕೆ ಎರಡೂವರೆ ಚೌಕ. ಪುಟ್ಟ ಮೋಡ ಹಿಡಿದು ಕೂತವರಿಗೆ ಇದು ಸಾಲದು.

ಹಾಗಾದರೆ ಹೊಸ ಎಕ್ಸ್‌ರೇ ದೂರದರ್ಶಕ ಇರೋಸಿಟಾ ಇದೆಯಲ್ಲ, ಹಳೇದು ಯಾಕೆ ಅಂತೀರಾ? ನಿಜ, ಅದರ ಕಣ್ಣು ಚುರುಕು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ನೋಡಿದ್ದರಿಂದ ಭೂಮಿಯ ಸುತ್ತಲಿನ ಹೈಡ್ರೋಜನ್ನಿನ ಕಾಟವೂ ಇಲ್ಲ. ಆದರೆ 2024ರಲ್ಲಿ ಎಲ್ಲರಿಗೂ ಬಿಟ್ಟಿದ್ದು ಜರ್ಮನ್ ತಂಡದ ಪಾಲಿನ ಅರ್ಧ ಆಕಾಶ ಮಾತ್ರ. ಡ್ರೇಕೋ ಮೋಡ ಇರುವುದು ಇನ್ನೊಂದು ಅರ್ಧದಲ್ಲಿ.