ವಿಡಿಯೊ ನೋಡಿ ಒದೆಯಲು ಕಲಿಯುತ್ತಿರುವವರು ನನ್ನ ಮಂಡಿಯ ಕಥೆ ಕೇಳಿ

ಮೆಟ್ಟಿಲು ಇಳಿಯುವಾಗ ಈಗಲೂ ನನ್ನ ಎಡ ಮಂಡಿ ‘ಟಕ್’ ಎನ್ನುತ್ತದೆ. ಯಾರೂ ಹೊಡೆದದ್ದಲ್ಲ, ಬಿದ್ದದ್ದೂ ಅಲ್ಲ. ಕೋಣೆಯ ಬಾಗಿಲು ಹಾಕಿಕೊಂಡು 14 ತಿಂಗಳು ಶ್ರದ್ಧೆಯಿಂದ ನಾನೇ ಮಾಡಿಕೊಂಡದ್ದು. ಶ್ರದ್ಧೆ ಅಂತ ಬೇಕಂತಲೇ ಬರೆದಿದ್ದೇನೆ. ಸೋಮಾರಿಯಾಗಿದ್ದರೆ ಬಚಾವಾಗುತ್ತಿದ್ದೆ.

ಶುರುವಾದದ್ದು ಕರಾಟೆಯಿಂದ. ಕ್ಲಾಸಿಗೆ ಹೋಗಿ ಹತ್ತು ವರ್ಷದ ಮಕ್ಕಳ ಪಕ್ಕ ನಿಲ್ಲಲು ನಾಚಿಕೆ. ಮನೆಯಲ್ಲೇ ಸ್ವಲ್ಪ ಕಲಿತುಕೊಂಡು ಆಮೇಲೆ ಸೇರೋಣ ಎಂಬ ಲೆಕ್ಕ. ಹೆಯಾನ್ ಶೋದಾನ್ ಎಂಬ ಕಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಹೆಜ್ಜೆ-ಏಟುಗಳ ಸರಣಿ, ಹಿಡಿದುಕೊಂಡೆ. ಹೆಯಾನ್ ಕಟಾಗಳ ಮೂಲ ರೂಪವನ್ನು ಒಕಿನಾವಾದ ಅಂಕೊ ಇತೊಸು ಶಾಲಾಮಕ್ಕಳಿಗಾಗಿ ಹೊಂದಿಸಿದ್ದು. ಮಕ್ಕಳ ಪಾಠ ನನಗೆ ಯಾವ ಲೆಕ್ಕ ಎಂದುಕೊಂಡೆ. ಕಲಿತೆ ಕೂಡ, ಪೂರ್ತಿ ಎಡಬಲ ಅದಲುಬದಲಾಗಿ! ಆ ಕಟಾ ಆರಂಭವಾಗುವುದು ಎಡಕ್ಕೆ ತಿರುಗಿ. ಪರದೆಯಲ್ಲಿ ನನಗೆ ಮುಖ ಮಾಡಿ ನಿಂತವನ ಎಡ ನನಗೆ ಬಲ. ಅವನು ಹೋದ ಕಡೆಗೇ ನಾನೂ ಹೋದೆ. ಇದರಿಂದ ಯಾರ ಮೂಳೆಯೂ ಮುರಿಯುವುದಿಲ್ಲ, ನಗಬಹುದು. ಆದರೆ ಎರಡು ತಿಂಗಳು ದಿನವೂ ಹತ್ತು ಸಲ ತಪ್ಪು ಮಾಡಿದರೂ ‘ಎಲ್ಲೋ ಸರಿಯಿಲ್ಲ’ ಎಂದು ಒಮ್ಮೆಯೂ ಅನ್ನಿಸಲಿಲ್ಲವಲ್ಲ, ಅಲ್ಲೇ ನಾನು ಹೆದರಬೇಕಿತ್ತು.

ಹೆದರಲಿಲ್ಲ. ಚಿಕ್ಕಮ್ಮನ ಮಗ ಬಾಕ್ಸಿಂಗ್ ಕಲಿಯುತ್ತಿದ್ದ. ಒಂದು ದಿನ ಅವನನ್ನು ನಾನೇ ಕರೆದೆ. ‘ಗ್ಲೌಸ್ ಹಾಕ್ಕೋ ಅಣ್ಣ’ ಅಂದ. ಮೆಲ್ಲಗೆ ಆಡುವುದಕ್ಕೆ ಗ್ಲೌಸ್ ಯಾಕೆ ಎಂದವನೂ ನಾನೇ. ಗಾಳಿಗೆ ಸಾವಿರಾರು ಗುದ್ದು ಗುದ್ದಿದ್ದ ನನಗೆ ಎದುರಿಗೆ ಮನುಷ್ಯ ನಿಂತಾಗ ದೂರ ಎಷ್ಟೆಂದೇ ತಿಳಿಯಲಿಲ್ಲ. ನನ್ನ ಕೈ ಒಂದು ಗೇಣು ಹಿಂದೆಯೇ ಮುಗಿಯುತ್ತಿತ್ತು, ಅವನ ಕೈ ಮಾತ್ರ ಬಂದು ಹಣೆ ತಟ್ಟಿ ಹೋಗುತ್ತಿತ್ತು. ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದೆ, ಗಲ್ಲ ಮೇಲೆತ್ತುತ್ತಿದ್ದೆ. ಸಿಟ್ಟು ಬಂದು ಪೂರ್ತಿ ಬಲ ಹಾಕಿ ಬೀಸಿದೆ. ಅವನ ಮೂಗಿನಲ್ಲಿ ರಕ್ತ, ನನ್ನ ಕಿರುಬೆರಳಿನ ಬುಡದ ಮೂಳೆ ಮುರಿತ. ಅದನ್ನು ಬಾಕ್ಸರ್ಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಹೆಸರು ಹಾಗಿದ್ದರೂ ಹೆಚ್ಚಾಗಿ ಆಗುವುದು ಗುದ್ದಲು ಬಾರದವರಿಗೆ. ಬಲ್ಲವರು ತೋರುಬೆರಳು, ನಡುಬೆರಳಿನ ಗೆಣ್ಣು ತಾಗುವಂತೆ, ಮಣಿಕಟ್ಟು ನೆಟ್ಟಗಿರುವಂತೆ ಗುದ್ದುತ್ತಾರೆ.

ಮೂಗಿಗೆ ಬಟ್ಟೆ ಒತ್ತಿಕೊಂಡು ಅವನು ಕೇಳಿದ್ದು ಒಂದೇ: ‘ಏಟು ನಿಲ್ಸೋದು ಕಲ್ತಿಲ್ವಾ ನೀನು?’ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನನ್ನ ಏಟಿನಲ್ಲಿ ಶಕ್ತಿಯಿದೆ ಎಂದೇ ಆ ರಾತ್ರಿ ನಾನು ಸಮಾಧಾನ ಮಾಡಿಕೊಂಡೆ.

ಕೈಗೆ ಪ್ಲಾಸ್ಟರ್ ಬಿದ್ದಿದ್ದರಿಂದ ಕಾಲಿನ ಅಭ್ಯಾಸ ಹೆಚ್ಚಿಸಿದೆ. ರೌಂಡ್‌ಹೌಸ್ ಕಿಕ್, ಕರಾಟೆಯವರ ಮವಾಶಿ ಗೆರಿ. ಬಲಗಾಲನ್ನು ಅಡ್ಡ ಬೀಸುವಾಗ ನೆಲದ ಮೇಲಿನ ಎಡಪಾದ ಸುಮ್ಮನಿರಬಾರದು. ಮುಂಗಾಲಿನ ಮೇಲೆ ತಿರುಗಿ ಹಿಮ್ಮಡಿ ಎದುರಾಳಿಯ ಕಡೆ ಬರಬೇಕು. ಪಾದ ನೆಲ ಕಚ್ಚಿಕೊಂಡರೆ ಮೇಲೆ ಸೊಂಟ ತಿರುಗುತ್ತದೆ, ಕೆಳಗೆ ಪಾದ ತಿರುಗುವುದಿಲ್ಲ, ನಡುವೆ ಮಂಡಿ ಬಟ್ಟೆ ಹಿಂಡಿದ ಹಾಗೆ ಹಿಂಡಿಸಿಕೊಳ್ಳುತ್ತದೆ. ಮಂಡಿಯೊಳಗೆ ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಭಾರ ಹೊತ್ತ ಮಂಡಿ ತಿರುಚಿದರೆ ಅವು ಹರಿಯಬಹುದು. ಅವುಗಳ ಒಳ ಅಂಚಿಗೆ ರಕ್ತ ಹರಿಯುವುದಿಲ್ಲ, ಅಲ್ಲಿ ಹರಿದದ್ದು ತಾನಾಗಿ ಕೂಡಿಕೊಳ್ಳುವುದು ಕಷ್ಟ.

ವಿಡಿಯೊದಲ್ಲಿ ಇದನ್ನು ಹೇಳಿರಲಿಲ್ಲವೇ? ಹೇಳಿದ್ದರು. ಪಾದ ತಿರುಗಿಸುತ್ತಿದ್ದೇನೆ ಎಂದೇ ನಾನೂ ನಂಬಿದ್ದೆ. ಕನ್ನಡಿಯಲ್ಲಿ ನನ್ನ ಕಣ್ಣಿದ್ದದ್ದು ಮೇಲೇರಿದ ಕಾಲಿನ ಮೇಲೆ, ಎಷ್ಟೆತ್ತರ ಹೋಯಿತು, ಚೆನ್ನಾಗಿ ಕಾಣುತ್ತಿದೆಯಾ ಎಂದು. ಜೊತೆಗೆ, ಜಾರಬಾರದೆಂದು ರಬ್ಬರ್ ಮ್ಯಾಟ್ ಹಾಸಿ, ಗಟ್ಟಿ ಹಿಡಿತದ ಶೂ ಬೇರೆ ಹಾಕಿದ್ದೆ. ಜೋಪಾನಕ್ಕೆಂದು ಮಾಡಿದ್ದೇ ಪಾದವನ್ನು ನೆಲಕ್ಕೆ ಅಂಟಿಸಿತ್ತು. ಒಂದು ಸಂಜೆ ಸುಸ್ತಾದ ಮೇಲೂ ‘ಇನ್ನೊಂದೈವತ್ತು’ ಎಂದು ಶುರು ಮಾಡಿದಾಗ ಮಂಡಿಯೊಳಗೆ ಏನೋ ಲಟಕ್ಕೆಂದಿತು. ಅಂಥ ನೋವೇನೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಮಂಡಿ ಊದಿಕೊಂಡಿತ್ತು. ಅದಕ್ಕೂ ವಿಡಿಯೊ ನೋಡಿದೆ! ಪಟ್ಟಿ ಕಟ್ಟಿಕೊಂಡು ಮೂರು ವಾರ ಒದೆಯುತ್ತಲೇ ಇದ್ದೆ. ಒಂದು ದಿನ ಕೂತಲ್ಲಿಂದ ಏಳಲು ಹೋದರೆ ಮಂಡಿ ಸಿಕ್ಕಿಹಾಕಿಕೊಂಡಿತು, ನೆಟ್ಟಗಾಗಲೇ ಇಲ್ಲ. ಎಂಆರ್‌ಐ, ಆಪರೇಷನ್, ಊರುಗೋಲು, ತಿಂಗಳುಗಟ್ಟಲೆ ಫಿಸಿಯೋಥೆರಪಿ. ಮಂಡಿ ಊದಿದರೆ ಅಥವಾ ಸಿಕ್ಕಿಕೊಂಡರೆ ನನ್ನ ಹಾಗೆ ವಾರ ಎಣಿಸದೆ ಮೂಳೆ ಡಾಕ್ಟರ ಹತ್ತಿರ ಹೋಗಿ.

ದಯವಿಟ್ಟು ಏಕಲವ್ಯನನ್ನು ಮಧ್ಯೆ ತರಬೇಡಿ, ನಾನೂ ತಂದಿದ್ದೆ. ಬಾಣ ಗುರಿ ತಪ್ಪಿದರೆ ಬಿಟ್ಟವನ ಕಣ್ಣಿಗೇ ಕಾಣುತ್ತದೆ. ಗಾಳಿಗೆ ಒದ್ದವನಿಗೆ ಏನು ಕಾಣುತ್ತದೆ?

ಒಬ್ಬರೇ ಏನೂ ಮಾಡಬಾರದೆಂದಲ್ಲ. ಹಗ್ಗ ಜಿಗಿಯಿರಿ, ಓಡಿ, ಮೈ ಸಡಿಲಿಸಿ, ಕಲಿಸುವವರು ತಿದ್ದಿದ್ದನ್ನು ಮನೆಯಲ್ಲಿ ರೂಢಿಸಿಕೊಳ್ಳಿ. ಆದರೆ ಎಸೆತ, ಕತ್ತು ಹಿಡಿಯುವುದು, ಕೀಲು ತಿರುಚುವುದು ಇವನ್ನು ಗೆಳೆಯರ ಮೇಲೆ ಪ್ರಯೋಗಿಸಬೇಡಿ. ಜಿಗೊರೊ ಕಾನೊ 1882ರಲ್ಲಿ ಆರಂಭಿಸಿದ ಜೂಡೊದಲ್ಲಿ ಹೊಸಬರಿಗೆ ಎಸೆಯುವುದಕ್ಕೆ ಮೊದಲು ಬೀಳುವುದನ್ನು ಕಲಿಸುತ್ತಾರೆ: ಗಲ್ಲ ಎದೆಗೆ ಒತ್ತಿ, ಅಂಗೈ ಊರದೆ, ತೋಳಿನಿಂದ ನೆಲಕ್ಕೆ ಬಡಿಯುವುದು. ಬೀಳಲು ಬಾರದ ಗೆಳೆಯನನ್ನು ಎಸೆದರೆ ಅವನು ಕೈ ಊರುತ್ತಾನೆ, ಮಣಿಕಟ್ಟು ಹೋಗುತ್ತದೆ. ಇನ್ನು, ಬೆಲ್ಟ್ ಕಟ್ಟಿದವರೆಲ್ಲ ಗುರುಗಳಲ್ಲ. ಹಳೆಯ ಗಾಯ ಇದೆಯಾ ಎಂದು ಕೇಳದೆ ಮೊದಲ ದಿನವೇ ಸ್ಪಾರಿಂಗಿಗೆ, ಅಂದರೆ ಎದುರುಬದುರು ಕಾದಾಟದ ಅಭ್ಯಾಸಕ್ಕೆ, ಇಳಿಸುವವರಿದ್ದರೆ ಎದ್ದು ಬನ್ನಿ.

ಆಪರೇಷನ್ ಆಗಿ ಒಂದು ವರ್ಷದ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು ಕ್ಲಾಸಿಗೆ ಸೇರಿದೆ. ‘ನಿಧಾನವಾಗಿ ಒಂದು ಸಲ ಒದ್ದು ತೋರಿಸಿ’ ಅಂದರು ಮೇಷ್ಟ್ರು. ಒದೆಯುವ ಕಾಲನ್ನು ಅವರು ನೋಡಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ನನ್ನ ಎಡ ಹಿಮ್ಮಡಿಯನ್ನೇ ನೋಡಿದರು, ಪಕ್ಕದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ‘ಇದು ಇಲ್ಲಿಗೆ ಬರಬೇಕು.’ ಅಷ್ಟಕ್ಕೆ ಅರ್ಧ ನಿಮಿಷ ಹಿಡಿಯಿತು. 14 ತಿಂಗಳ ರೂಢಿ ಮಾತ್ರ ಇನ್ನೂ ಬಿಟ್ಟಿಲ್ಲ. ಸುಸ್ತಾದಾಗ ಪಾದ ಮತ್ತೆ ನೆಲ ಕಚ್ಚುತ್ತದೆ. ಆಗ ಪಕ್ಕದಲ್ಲಿ ನಿಲ್ಲುವ ಹತ್ತು ವರ್ಷದ ಹುಡುಗಿ ಮೇಷ್ಟ್ರಿಗೆ ಕೇಳದ ಹಾಗೆ ಪಿಸುಗುಡುತ್ತಾಳೆ: ‘ಅಂಕಲ್, ಹಿಮ್ಮಡಿ.’