ಬಾಬ್ ಡಿಲನ್‌ರ ‘ಟೈಮ್ ಔಟ್ ಆಫ್ ಮೈಂಡ್’: ಬೆಳಗ್ಗೆ ಕೇಳಬೇಡಿ

ಮೊದಲ ಹಾಡು ‘ಲವ್ ಸಿಕ್’ ಶುರುವಾದ ಕೂಡಲೇ ಗೊತ್ತಾಗುತ್ತದೆ, ಇದು ತಿಂಡಿ ಮಾಡುತ್ತಾ ಕೇಳುವ ಆಲ್ಬಮ್ ಅಲ್ಲ. ಆರ್ಗನ್ ಕುಟುಕುತ್ತಿರುತ್ತದೆ. ಅದರ ಹಿಂದಿನಿಂದ ಒಡಕು ದನಿ ಬರುತ್ತದೆ. 1997ರಲ್ಲಿ ಇದು ಹೊರಬಂದಾಗ ಅಮೆರಿಕದ ಗಾಯಕ, ಗೀತರಚನೆಕಾರ ಡಿಲನ್‌ಗೆ 56 ವರ್ಷ. ಅದಕ್ಕೂ ಮೊದಲು 7 ವರ್ಷ ಅವರದೇ ಹೊಸ ಹಾಡುಗಳ ಆಲ್ಬಮ್ ಬಂದಿರಲಿಲ್ಲ.

ಪ್ರೊಡ್ಯೂಸರ್ ಡೇನಿಯಲ್ ಲನ್ವಾ ಎಲ್ಲವನ್ನೂ ಮಸುಕು ಪ್ರತಿಧ್ವನಿಯ ಮಂಜಿನಲ್ಲಿ ಅದ್ದಿಟ್ಟಿದ್ದಾರೆ. ಕೆಲವು ಕಡೆ ಅದು ಜಾಸ್ತಿಯಾಯಿತು. ‘ಮೇಕ್ ಯು ಫೀಲ್ ಮೈ ಲವ್’ ನನಗೆ ಸಪ್ಪೆ, ಬ್ರಿಟಿಷ್ ಗಾಯಕಿ ಅಡೆಲ್ ಹಾಡಿದ್ದೇ ವಾಸಿ. (ಡಿಲನ್ ಭಕ್ತರು ಬೈದರೆ ಬೈಯಲಿ.)

ಆದರೆ ‘ನಾಟ್ ಡಾರ್ಕ್ ಯೆಟ್’ ಇದೆಯಲ್ಲ, ಅದೊಂದಕ್ಕೇ ದುಡ್ಡು ಕೊಡಬಹುದು. ಆರೂವರೆ ನಿಮಿಷ, ಒಂದಿಷ್ಟೂ ಅವಸರವಿಲ್ಲ. ಹತ್ತಿರ ಬರುತ್ತಿರುವ ಕೊನೆಯ ಬಗ್ಗೆ ಹಾಡುತ್ತಾರೆ, ಕನಿಕರ ಮಾತ್ರ ಕೇಳುವುದಿಲ್ಲ. ಅದೇ ವರ್ಷ ಮೇನಲ್ಲಿ ಡಿಲನ್ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ಆ ಭಯವೇ ಈ ಹಾಡುಗಳನ್ನು ಬರೆಸಿತು ಅಂತ ಸುಮ್ನೆ ಹೇಳುವವರಿದ್ದಾರೆ. ಆದರೆ ಮಯಾಮಿಯಲ್ಲಿ ಈ ಆಲ್ಬಮ್ಮಿನ ರೆಕಾರ್ಡಿಂಗ್ ನಡೆದದ್ದು ಅದಕ್ಕೂ ಮೊದಲು.

ಕೊನೆಯ ‘ಹೈಲ್ಯಾಂಡ್ಸ್’ 16 ನಿಮಿಷಕ್ಕೂ ಹೆಚ್ಚು. ಬಾಸ್ಟನ್‌ನ ಹೋಟೆಲ್ಲಿನಲ್ಲಿ ಡಿಲನ್ ಹಾಡಿನೊಳಗೇ ಬೇಯಿಸಿದ ಮೊಟ್ಟೆ ಕೇಳುತ್ತಾರೆ. ಇಲ್ಲ ಅನ್ನುತ್ತಾಳೆ ವೇಟ್ರೆಸ್. ನನ್ನ ಚಿತ್ರ ಬರಿ ಅಂತ ಹಟ ಹಿಡಿಯುತ್ತಾಳೆ. ಇಷ್ಟು ಕತ್ತಲೆಯ ನಡುವೆ ಈ ತುಂಟತನ ಯಾರಿಗೆ ಬೇಡ, ಅಲ್ವಾ?

ಮಂಜು ಇಷ್ಟವಾಗದವರಿಗೆ 2023ರ ‘ಫ್ರಾಗ್ಮೆಂಟ್ಸ್’ ಸೆಟ್ಟಿನಲ್ಲಿ ಇದೇ ಆಲ್ಬಮ್ಮಿನ ಹೊಸ ರೀಮಿಕ್ಸ್ (ಅದೇ ರೆಕಾರ್ಡಿಂಗ್‌ಗಳ ಹೊಸ ಜೋಡಣೆ) ಇದೆ. ದನಿ ಅಲ್ಲಿ ತುಂಬಾ ಹತ್ತಿರ ಕೇಳಿಸುತ್ತದೆ. ನನ್ನ ಓಟು ಹಳೆಯದಕ್ಕೇ.