ಸೆಕೆಂಡ್ ಹ್ಯಾಂಡ್ 4 ಚಾನಲ್ ಸ್ಕೋಪ್ ತಗೊಳ್ಳೋರು ಒಂದ್ ನಿಮಿಷ ನಿಲ್ಲಿ

ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೆ, ಆದ್ರೂ ಹೇಳ್ತೀನಿ, ಇನ್ನೊಬ್ರು ಬೀಳ್ಬಾರ್ದು. ಬೆಂಗಳೂರು ಎಸ್‌ಪಿ ರೋಡಲ್ಲಿ ಒಬ್ಬನ ಹತ್ರ ಹಳೇ 4 ಚಾನಲ್ ಆಸಿಲೋಸ್ಕೋಪ್ (ವೋಲ್ಟೇಜ್ ಏರಿಳಿತಾನ ಪರದೆ ಮೇಲೆ ಗೆರೆಯಾಗಿ ತೋರ್ಸೋ ಮಷಿನ್, ಒಟ್ಟಿಗೆ ನಾಲ್ಕು ಕಡೆ ನೋಡ್ಬೋದು) ತಗೊಂಡೆ, 21 ಸಾವಿರ, ಬಿಲ್ ಇಲ್ಲ. ನಂಗೆ ಬೇಕಿದ್ದು ಇಷ್ಟೇ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಬೋರ್ಡಲ್ಲಿ ಪ್ರೈಮರಿ ಕಡೆ, ಅಂದ್ರೆ ಮನೆ ಕರೆಂಟ್ ಬರೋ ಕಡೆ, ಮಾಸ್‌ಫೆಟ್ (ಸ್ವಿಚ್ ಥರ ಕೆಲ್ಸ ಮಾಡೋ ಟ್ರಾನ್ಸಿಸ್ಟರ್) ಗೇಟ್ ಕಾಲು, ಆ ಕಡೆ 12 ವೋಲ್ಟ್ ಔಟ್‌ಪುಟ್ಟು, ಎರಡೂ ಒಟ್ಟಿಗೆ ನೋಡ್ಬೇಕು. ಅದಕ್ಕೇ ಬಾಯ್ಬಿಟ್ಟು ಕೇಳ್ದೆ, ಚಾನಲ್‌ಗಳ ಗ್ರೌಂಡ್ (ಪ್ರೋಬ್ ಅನ್ನೋ ಅಳೆಯೋ ಕಡ್ಡಿಯ ಕ್ಲಿಪ್ ಸೇರೋ ಕಡೆ) ಬೇರೆ ಬೇರೆನಾ ಅಂತ. "ಎಲ್ಲಾ ಸೆಪರೇಟ್ ಸಾರ್, ತಲೆ ಕೆಡಿಸ್ಕೋಬೇಡಿ." ಡೆಮೋ ಕೊಟ್ಟಿದ್ದು ಸ್ಕೋಪಿನ ಮುಂದೇ ಇರೋ 1 ಕಿಲೋಹರ್ಟ್ಸ್ ಟೆಸ್ಟ್ ಪಾಯಿಂಟಲ್ಲಿ, ನಾಲ್ಕು ಗೆರೆ ಚೆನ್ನಾಗೇ ಬಂತು, ಅದ್ರಲ್ಲಿ ಗ್ರೌಂಡ್ ಬೇರೆನಾ ಅಂತ ಏನ್ ಮಣ್ಣು ಗೊತ್ತಾಗತ್ತೆ.

ಮನೇಲಿ ಚಾನಲ್ 2ರ ಕ್ಲಿಪ್ ಔಟ್‌ಪುಟ್ ಮೈನಸ್ಸಿಗೆ, ಚಾನಲ್ 1ರದ್ದು ಮಾಸ್‌ಫೆಟ್ ಸೋರ್ಸ್ ಕಾಲಿಗೆ ಹಾಕಿ ಸ್ವಿಚ್ ಒತ್ತಿದ್ದೇ ತಡ, ಢಂ! ಮನೆ ಪೂರ್ತಿ ಟ್ರಿಪ್ಪು. ಫ್ಯೂಸು, ಬ್ರಿಡ್ಜು (ಎಸಿನ ಡಿಸಿ ಮಾಡೋ ಭಾಗ) ಹೋಯ್ತು, ಕ್ಲಿಪ್ಪಿನ ವೈರ್ ಕರಗಿ ಟೇಬಲ್‌ಗೆ ಅಂಟ್ಕೊಂಡಿತ್ತು, ಚಾನಲ್ 1ರಲ್ಲಿ ಈಗ ಏನೂ ಬರಲ್ಲ.

ಆಮೇಲೆ ಬುದ್ಧಿ ಬಂತು. ಮಲ್ಟಿಮೀಟರ್ ಕಂಟಿನ್ಯುಟಿಗಿಟ್ಟು (ಎರಡು ಕಡೆ ಒಳಗೇ ಸೇರಿದ್ರೆ ಪೀಂ ಅನ್ನತ್ತೆ) ಒಂದು ಕಡ್ಡಿ ಚಾನಲ್ 1ರ ಹೊರಗಿನ ರಿಂಗಿಗೆ, ಇನ್ನೊಂದು 3ಕ್ಕೆ. ಪೀಂ. 4ಕ್ಕೆ ಇಟ್ರೂ ಪೀಂ. ಪ್ಲಗ್ಗಿನ ದಪ್ಪ ಪಿನ್ನಿಗೆ ಇಟ್ರೂ ಪೀಂ. ಎಲ್ಲಾ ಒಂದೇ ಗ್ರೌಂಡು, ಅದೂ ಸೀದಾ ಅರ್ತಿಂಗಿಗೆ! ಅಂದ್ರೆ ಚಾನಲ್ 1ರ ಕ್ಲಿಪ್ಪಿಂದ ಮನೆ ಕರೆಂಟ್ ಸೀದಾ ಅರ್ತಿಗೆ ಹೋಗಿ ಢಂ ಅಂದಿದ್ದು. ಡಿಪ್ಲೊಮಾ ಲ್ಯಾಬಲ್ಲಿ ಮೇಷ್ಟ್ರು ಇದನ್ನೇ ಬಡ್ಕೊಂಡು ಹೇಳಿದ್ರು, ನಾನು ಅಂಗಡಿಯವನ ಮಾತು ನಂಬ್ದೆ. ಅಂಗಡೀಲೇ ಹತ್ತು ಸೆಕೆಂಡಲ್ಲಿ ನೋಡ್ಬೋದಿತ್ತು, ಹತ್ತೇ ಸೆಕೆಂಡು.

ಫೋನ್ ಮಾಡಿದ್ರೆ ಏನಂದ ಗೊತ್ತಾ, "ಚಾನಲ್ ಸೆಪರೇಟ್ ಅಂದೆ ಸಾರ್, ಗ್ರೌಂಡ್ ಸೆಪರೇಟ್ ಅಂತ ಎಲ್ಲಿ ಅಂದೆ?" ನಾನು ಕೇಳಿದ್ದೇ ಗ್ರೌಂಡು ಮಾರಾಯ! ಜಗಳ ಆಡಿದ್ಮೇಲೆ, "ಅರ್ತ್ ಪಿನ್ ಕಿತ್ತಾಕಿ ಸಾರ್, ರಿಪೇರಿಯವ್ರೆಲ್ಲ ಹಂಗೇ ಮಾಡೋದು." ಅಯ್ಯೋ, ದಯವಿಟ್ಟು ಹಂಗೆ ಮಾತ್ರ ಮಾಡ್ಬೇಡಿ, ಸ್ಕೋಪಿನ ಮೈಯೆಲ್ಲಾ ಕರೆಂಟ್ ಬರತ್ತೆ, ಮುಟ್ಟಿದ್ರೆ ಹೋದ್ರಿ. ಕೊನೇಗೆ "ಸುಟ್ಟ ಮಾಲು ವಾಪಸ್ ಇಲ್ಲ" ಅಂತ ಮೆಸೇಜು, ಆಮೇಲೆ ಬರೀ ಬ್ಲೂ ಟಿಕ್.

ತಗೊಳ್ಳೋಕ್ ಹೋಗೋವಾಗ ಮಲ್ಟಿಮೀಟರ್ ಜೇಬಲ್ಲಿರ್ಲಿ. ಪ್ರೈಮರಿ ನೋಡೋದಾದ್ರೆ ಡಿಫರೆನ್ಷಿಯಲ್ ಪ್ರೋಬ್ (ಗ್ರೌಂಡ್ ಬೇಕಾಗ್ದೆ ಎರಡು ಪಾಯಿಂಟ್ ಮಧ್ಯದ ವೋಲ್ಟೇಜ್ ಅಳೆಯೋದು) ತಗೊಳ್ಳಿ, ದುಡ್ಡಿಲ್ಲಾಂದ್ರೆ ಎರಡು 10ಎಕ್ಸ್ ಪ್ರೋಬ್ (ವೋಲ್ಟೇಜ್ ಹತ್ತನೇ ಒಂದು ಭಾಗಕ್ಕೆ ಇಳ್ಸೋವು) ಕ್ಲಿಪ್ಪೇ ಹಾಕ್ದೆ ಆ ಎರಡು ಪಾಯಿಂಟಿಗೆ ಇಟ್ಟು ಸ್ಕೋಪಿನ ಮ್ಯಾಥ್ ಆಪ್ಷನ್ನಲ್ಲಿ ಚಾನಲ್ 1 ಮೈನಸ್ 2 ಮಾಡಿ, ಎರಡಕ್ಕೂ ಸ್ಕೇಲ್ ಒಂದೇ ಇರ್ಲಿ.

ಚಾನಲ್ 1 ರಿಪೇರಿ ಮಾಡೋರು ಯಾರಾದ್ರೂ ಗೊತ್ತಾ? ಆ ಗಲ್ಲಿ ಬಿಟ್ಟು ಬೇರೆ ಕಡೆ ಹೇಳಿ.